ಕುಲೂಪ್ ಅಣ್ಣಾ ತೆಗೆದ ಬೀಗ

ಮುಂಬೈ ಬಳಿಯ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಆ ಕಾರ್ಖಾನೆಯಲ್ಲಿ ಗುಣಪಾಲ ಎಂಬವರು ಇದ್ದಾರೆಯೇ ಎಂದು ಕೇಳಿದರೆ ಗೇಟಿನ ವಾಚ್‌ಮನ್ ತಲೆ ಕೆರೆದುಕೊಳ್ಳುತ್ತಿದ್ದ. ಕುಲೂಪ್ ಅಣ್ಣಾ ಎಂದರೆ ಮಾತ್ರ ಮುಖ ಅರಳಿಸಿ ಒಳಗೆ ಬಿಡುತ್ತಿದ್ದ. ಮರಾಠಿಯಲ್ಲಿ ಕುಲೂಪ್ ಎಂದರೆ ಬೀಗ. ಅಣ್ಣಾ ಎನ್ನುವುದು ದಕ್ಷಿಣದಿಂದ ಬಂದ ಗಂಡಸರಿಗೆಲ್ಲ ಆ ಊರಿನವರು ಪುಕ್ಕಟೆಯಾಗಿ ಕೊಡುವ ಬಿರುದು. ಎರಡೂ ಸೇರಿಕೊಂಡು ಕಾರ್ಕಳ ಕಡೆಯ ಈ ಸಾಧು ಫಿಟ್ಟರನಿಗೆ ಅಪ್ಪ ಅಮ್ಮ ಇಟ್ಟ ಹೆಸರನ್ನೇ ನುಂಗಿ ಹಾಕಿದ್ದವು.

ಆ ಕಾರ್ಖಾನೆಯಲ್ಲಿ ಉಕ್ಕಿನ ತಗಡಿನಿಂದ ಡ್ರಮ್ಮುಗಳ ಮುಚ್ಚಳ ಮಾಡುತ್ತಿದ್ದರು. ಮುಚ್ಚಳ ಒತ್ತುವ ಪ್ರೆಸ್ಸುಗಳು ಆರು, ಅವುಗಳಲ್ಲಿ ಒಂದು ಎರಡಾಳು ಎತ್ತರದ್ದು. ಅದರ ಬೆನ್ನಿಗೆ ಎತ್ತಿನಗಾಡಿಯದಕ್ಕಿಂತ ದೊಡ್ಡದಾದ ಉಕ್ಕಿನ ಗಾಲಿ. ಕರೆಂಟು ತೆಗೆದ ಮೇಲೂ ಅದು ಹಟಮಾರಿ ಮಗುವಿನ ಹಾಗೆ ತನಗೆ ಸಾಕೆನಿಸುವ ತನಕ ತಿರುಗುತ್ತಲೇ ಇರುತ್ತಿತ್ತು. ಇಂಥ ಯಂತ್ರಕ್ಕೆ ಕೈ ಹಾಕುವ ಮೊದಲು ಗುಣಪಾಲನ ಶಾಸ್ತ್ರ ಶುರುವಾಗುತ್ತಿತ್ತು. ಮೇನ್ ಸ್ವಿಚ್ ಬಂದ್. ಸ್ವಿಚ್ಚಿನ ಹಿಡಿಕೆಗೆ ತನ್ನ ಬೀಗ, ಕೀ ತನ್ನ ಕಿಸೆಯಲ್ಲಿ. ಜೊತೆಗೆ ಕೆಲಸಕ್ಕೆ ಬಂದವನದು ಬೇರೆ ಬೀಗ, ಅದರ ಕೀ ಅವನ ಕಿಸೆಯಲ್ಲಿ. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ, ಯಂತ್ರ ನಿಜಕ್ಕೂ ಸತ್ತಿದೆಯೋ ಸುಮ್ಮನೆ ಮಲಗಿದೆಯೋ ಎಂದು ನೋಡಬೇಕು. ಗಾಲಿ ಪೂರ್ತಿ ನಿಲ್ಲುವ ತನಕ ಕೈಕಟ್ಟಿ ಕಾಯಬೇಕು. ಪ್ರೆಸ್ಸಿನ ಮೇಲಿನ ದಿಂಡು ಕುಸಿಯದಂತೆ ಅದರ ಕೆಳಗೆ ಉಕ್ಕಿನ ಊರುಗೋಲು ಕೊಡಬೇಕು. ಇಷ್ಟೆಲ್ಲ ಆದ ಮೇಲೆ ನಟ್ಟು ಬಿಚ್ಚುವ ಪಾನಾ ಹಿಡಿಯಬೇಕು. ಐದು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷದ ಪೀಠಿಕೆ! ಉಳಿದ ಕೆಲಸದವರಿಗೆ ಇದನ್ನು ನೋಡಿದರೇ ಆಕಳಿಕೆ ಬರುತ್ತಿತ್ತು.

ಆಕಳಿಕೆಯಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ಕೆಲವರಿಗೆ ಕೋಪವೂ ಬರುತ್ತಿತ್ತು. ಹತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು ಇರುವ ಜಾಗದಲ್ಲಿ ಬೀಗ ಹಾಕುವುದೆಂದರೇನು? "ನಮ್ಮ ಮೇಲೆ ಭರವಸೆ ಇಲ್ಲವಾ ಅಣ್ಣಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಗುಣಪಾಲ ನಗುತ್ತಿದ್ದ. "ನಿನ್ನ ಮೇಲೆ ಉಂಟು ಮಾರಾಯ. ನಿನ್ನ ಮರೆವಿನ ಮೇಲೆ ಇಲ್ಲ," ಎನ್ನುತ್ತಿದ್ದ. ಜೋರು ಮಾಡಿ ಅವನಿಗೆ ಗೊತ್ತೇ ಇರಲಿಲ್ಲ. ನಕ್ಕುಕೊಂಡೇ ಎಲ್ಲರಿಂದ ಬೀಗ ಹಾಕಿಸುತ್ತಿದ್ದ. ಹದಿನೆಂಟು ವರ್ಷಗಳಲ್ಲಿ ಅವನ ಕೈಕೆಳಗೆ ಕೆಲಸ ಮಾಡಿದ ಒಬ್ಬನಿಗೂ ಏನೂ ಆಗಿರಲಿಲ್ಲ.

ಈ ಭಯ ಅವನಿಗೆ ಹೊಕ್ಕಿದ್ದು ಥಾಣೆ ಪಟ್ಟಣದ ಹೋಟೆಲಿನಲ್ಲಿ. ಊರಿಂದ ಬಂದು ನಮ್ಮವರದೊಂದು ಹೋಟೆಲಿಗೆ ಸೇರಿದ ಹೊಸತರಲ್ಲಿ ಹಿಟ್ಟು ಅರೆಯುವ ದೊಡ್ಡ ಗ್ರೈಂಡರಿನೊಳಗೆ ಕೈ ಹಾಕಿ ತೊಳೆಯುತ್ತಿದ್ದ. ಅಡುಗೆಯವನು ಆ ಕಡೆಯಿಂದ ಬಂದವನೇ ಸ್ವಿಚ್ ಹಾಕಿದ. ಗ್ರೈಂಡರ್ ಕೆಲಸ ನೋಡುತ್ತಿದ್ದ ಮುಂಡಪ್ಪ ಬಟನ್ ಹುಡುಕಲು ಹೋಗದೆ ಗೋಡೆಯಿಂದ ವಯರನ್ನೇ ಕಿತ್ತು ಎಸೆದ. ಗುಣಪಾಲನಿಗೆ ಒಂದು ಉಗುರು ಹೋಯಿತು, ಕೈ ಉಳಿಯಿತು. ಅಂದಿನಿಂದ ಇಬ್ಬರೂ ಒಂದೇ ಚಾಪೆಯ ಗೆಳೆಯರು. ರಾತ್ರಿ ಶಾಲೆಗೆ ಹೋದದ್ದು ಒಟ್ಟಿಗೆ, ತುರ್ಭೆಯ ಒಂದು ಶೆಡ್ಡಿನಲ್ಲಿ ಫಿಟ್ಟರ್ ಕೆಲಸ ಕಲಿತದ್ದು ಒಟ್ಟಿಗೆ, ಡೊಂಬಿವಲಿಯ ಈ ಕಾರ್ಖಾನೆಗೆ ಬಂದದ್ದೂ ಒಟ್ಟಿಗೆ. ಮದುವೆಯಾದ ಮೇಲೆ ಮುಂಡಪ್ಪ ಕಲ್ಯಾಣದಲ್ಲಿ ಮನೆ ಮಾಡಿದ, ಗುಣಪಾಲ ಎಂಐಡಿಸಿಯ ಪಕ್ಕದಲ್ಲೇ ಉಳಿದ. ಆದರೆ ಭಾನುವಾರ ಮಧ್ಯಾಹ್ನದ ಊಟ ಯಾವಾಗಲೂ ಒಟ್ಟಿಗೇ ಆಗಬೇಕು. ಹೆಂಡಂದಿರು, ಗುಣಪಾಲನ ಜಯಲತಾ ಮತ್ತು ಮುಂಡಪ್ಪನ ವಾರಿಜಾ, ಮೊದಮೊದಲು ಗೊಣಗಿದರು. ಆಮೇಲೆ ಅವರೂ ಗಂಡಂದಿರಿಗಿಂತ ಹತ್ತಿರದವರಾದರು.

ಎರಡು ಸಾವಿರದ ಏಳನೇ ಇಸವಿಯ ಖಂಡೇನವಮಿ ಬಂತು. ನಮ್ಮ ಆಯುಧಪೂಜೆಯನ್ನು ಅಲ್ಲಿಯವರು ಹಾಗೆ ಕರೆಯುತ್ತಾರೆ. ಆ ಹಬ್ಬಕ್ಕೆ ಮೊದಲು ಎಲ್ಲ ಯಂತ್ರಗಳಿಗೂ ಎಣ್ಣೆ, ಬಣ್ಣ, ಸರ್ವಿಸ್. ಪೂಜೆ ಮುಗಿದ ಕೂಡಲೇ ಕಾರ್ಖಾನೆಯ ಯಜಮಾನ ಶೇಠ್ ತಮ್ಮ ಕೈಯಾರೆ ಬಟನ್ ಒತ್ತಿ ಒಂದೊಂದನ್ನೂ ಒಂದು ಸುತ್ತು ಓಡಿಸುವುದು ಪದ್ಧತಿ. ಇನ್ನೊಂದು ಪದ್ಧತಿಯೂ ಇತ್ತು. ಪೂಜೆಯ ಹೊತ್ತಿಗೆ ಕಾರ್ಖಾನೆಯಲ್ಲಿ ಯಾವ ಬೀಗವೂ ಹಾಕಿರಬಾರದು. ಕಪಾಟು, ಟೂಲ್ ಪೆಟ್ಟಿಗೆ, ಶೇಠರ ತಿಜೋರಿ ಎಲ್ಲವೂ ತೆರೆದಿರಬೇಕು, ಇಲ್ಲದಿದ್ದರೆ ಬರುವ ಲಕ್ಷ್ಮಿ ಬಾಗಿಲಲ್ಲೇ ನಿಲ್ಲುತ್ತಾಳೆ. ಕುಲೂಪ್ ಅಣ್ಣನೂ ಆ ಒಂದು ದಿನ ಎಲ್ಲರ ಜೊತೆ ನಿಂತು ತನ್ನ ಬೀಗ ತೆಗೆಯುತ್ತಿದ್ದ. ಅವನಿಗೂ ದೇವರ ಭಯ ಇತ್ತಲ್ಲ.

ಪ್ರತಿ ವರ್ಷ ಸರ್ವಿಸ್ ಕೆಲಸ ಹಿಂದಿನ ದಿನವೇ ಮುಗಿಯುತ್ತಿತ್ತು. ಆ ವರ್ಷ ಒಂದು ಬೇರಿಂಗ್ ತಡವಾಗಿ ಬಂದು, ದೊಡ್ಡ ಪ್ರೆಸ್ಸಿನ ಕೆಲಸ ಹಬ್ಬದ ಬೆಳಿಗ್ಗೆಯ ತನಕ ಎಳೆಯಿತು. ಹತ್ತು ಗಂಟೆಗೆ ಎಲ್ಲ ಮುಗಿದು, ಹಿಂದಿನ ಗಾಲಿಗೆ ಮುಚ್ಚುವ ಕಬ್ಬಿಣದ ಜಾಲರಿ ಮಾತ್ರ ಬಾಕಿ ಇತ್ತು. ಮುಹೂರ್ತ ಹತ್ತು ನಲವತ್ತಕ್ಕೆ. "ಜಾಲರಿ ಪೂಜೆ ಆದ ಮೇಲೆ ಹಾಕುವಾ, ಗ್ರೀಸ್ ಕೈಯಲ್ಲಿ ಆರತಿ ತಗೊಳ್ಳುವುದಾ?" ಎಂದು ಮುಂಡಪ್ಪ ಸ್ನಾನಕ್ಕೆ ಹೊರಟ. ಇಬ್ಬರೂ ಪೂಜೆಗೆ ಪ್ಯಾಂಟು ಬಿಚ್ಚಿ ಪಂಚೆ ಉಡುವವರು. ಹೋಗುವಾಗ ತನ್ನ ಬೀಗದ ಕೀಯನ್ನು ಗುಣಪಾಲನ ಅಂಗೈಗೆ ಹಾಕಿದ.

"ಪಂಚೆಗೆ ಕಿಸೆ ಎಲ್ಲುಂಟು? ನಿನ್ನ ಶರಟಿನಲ್ಲಿ ಇರ್ಲಿ ಇದು."

ಗುಣಪಾಲ ಕೀಯನ್ನು ಶರಟಿನ ಕಿಸೆಗೆ ಹಾಕಿಕೊಂಡ. ಒಬ್ಬರ ಕೀ ಇನ್ನೊಬ್ಬರ ಹತ್ತಿರ ಇರಬಾರದು ಎಂದು ನೂರು ಸಲ ಹೇಳಿದವನೇ ಅವನು. ಆದರೆ ಕೊಟ್ಟವನು ಮುಂಡಪ್ಪ! ಮುಂಡಪ್ಪನನ್ನು ಅವನು ಇನ್ನೊಬ್ಬ ಎಂದು ಯಾವತ್ತೂ ಎಣಿಸಿದ್ದಿಲ್ಲ.

ಹತ್ತೂವರೆಗೆ ಎಲ್ಲರೂ ದೊಡ್ಡ ಪ್ರೆಸ್ಸಿನ ಎದುರು ಸೇರಿದರು. ಭಟ್ಟರು ಮಂತ್ರ ಹೇಳಿ ಕುಂಕುಮ ಹಚ್ಚಿದರು, ತೆಂಗಿನಕಾಯಿ ಒಡೆಯಿತು. ಮ್ಯಾನೇಜರ್ ರಮಾಕಾಂತ ಗಡಿಯಾರ ನೋಡಿಕೊಂಡು, "ಅಣ್ಣಾ, ಕುಲೂಪ್ ಕಾಢಾ, ವೇಳ್ ಝಾಲೀ," ಎಂದು ಬೀಗ ತೆಗೆಯಲು ಅವಸರ ಮಾಡಿದರು. ಸ್ವಿಚ್ಚಿನ ಮೇಲೆ ಎರಡು ಬೀಗಗಳು. ಗುಣಪಾಲ ತನ್ನದನ್ನು ತೆಗೆದ. ಮುಂಡಪ್ಪ ಎಲ್ಲಿ ಎಂದು ಕತ್ತು ಹೊರಳಿಸಿದ. ಐವತ್ತು ಜನ, ಎಲ್ಲರ ಹಣೆಯಲ್ಲೂ ಕುಂಕುಮ, ಅರ್ಧಕ್ಕರ್ಧ ಬಿಳಿ ಬಟ್ಟೆ. ಹಿಂದಿನ ಸಾಲಿನಲ್ಲಿ ಒಂದು ಬಿಳಿ ಪಂಚೆ ಕಂಡಿತು. "ಎಲ್ಲ ಬಂದ್ರಲ್ಲ?" ಎಂದು ಕೇಳಿದ. "ಹೋ!" ಎಂದು ನಾಲ್ಕು ಬಾಯಿ ಒಟ್ಟಿಗೆ ಹೇಳಿದವು. ಅವನು ಮುಂಡಪ್ಪನ ಬೀಗವನ್ನೂ ತೆಗೆದು ಸ್ವಿಚ್ ಮೇಲೆತ್ತಿದ. ಶೇಠ್ ಬಟನ್ ಒತ್ತಿದರು.

ಮುಂಡಪ್ಪ ಯಂತ್ರದ ಬೆನ್ನ ಹಿಂದೆ ಇದ್ದ. ಸ್ನಾನ ಮುಗಿಸಿ ಬರುವಾಗ ಮೇಜಿನ ಮೇಲೆ ಉಳಿದಿದ್ದ ಒಂದು ಗೊಂಡೆ ಹೂವಿನ ಮಾಲೆ ಕಂಡು, ಎದುರಿಗೆ ಎಲ್ಲರೂ ಹೂ ಹಾಕುತ್ತಾರೆ, ವರ್ಷವಿಡೀ ದುಡಿಯುವ ಹಿಂದಿನ ಗಾಲಿಗೆ ಯಾರೂ ಒಂದು ಎಸಳು ಇಡುವುದಿಲ್ಲ ಎಂದು ಅನುಕಂಪ ಹುಟ್ಟಿ, ಮಾಲೆ ಹಿಡಿದು ಹಿಂದಿನ ಬಾಗಿಲಿನಿಂದಲೇ ಬಂದಿದ್ದ. ತನ್ನ ಬೀಗ ಇದೆ, ತಾನು ಎದುರು ಬಂದು ನಿಲ್ಲುವ ತನಕ ಗುಣಪಾಲ ಅದನ್ನು ತೆಗೆಯುವವನಲ್ಲ ಎಂಬ ಧೈರ್ಯ ಅವನಿಗೆ. ಗಾಲಿ ಒಂದೂವರೆ ಸುತ್ತು ತಿರುಗುವಷ್ಟರಲ್ಲಿ ಎಲ್ಲ ಆಗಿ ಹೋಯಿತು. ಮೊದಲು ಹೂವಿನ ಎಸಳುಗಳು ಆಚೆ ಕಡೆಯಿಂದ ಹಾರಿ ಬಂದವು, ಆಮೇಲೆ ಕೂಗು ಕೇಳಿತು. ಬಲಗೈಯ ನಡುವಿನ ಮೂರು ಬೆರಳುಗಳು ಗಾಲಿಯನ್ನು ತಿರುಗಿಸುವ ಬೆಲ್ಟಿನ ಬಾಯಿಗೆ ಹೋಗಿದ್ದವು.

ಕಲ್ಯಾಣದ ಆಸ್ಪತ್ರೆಯಲ್ಲಿ ಮೂರನೇ ದಿನ ರಮಾಕಾಂತ ಒಂದು ಫಾರ್ಮ್ ಹಿಡಿದುಕೊಂಡು ಬಂದರು. ಕೆಟ್ಟ ಮನುಷ್ಯನಲ್ಲ ಅವರು, ಮೇಲಿನವರಿಗೆ ಕಳಿಸುವ ಕಾಗದ ತುಂಬಿಸಲೇಬೇಕಿತ್ತು. ಮುಂಡಪ್ಪನ ಬೀಗ ತೆಗೆದವರು ಯಾರು ಎಂದು ಅದರಲ್ಲಿ ಒಂದು ಪ್ರಶ್ನೆ. ಪೂಜೆಯ ಗಲಾಟೆಯಲ್ಲಿ ಆ ಎರಡನೇ ಬೀಗ ತೆಗೆದ ಕೈ ಯಾರದೆಂದು ಯಾರೂ ನೋಡಿರಲಿಲ್ಲ. ಪ್ರತಿಯೊಬ್ಬನ ಬೀಗವನ್ನು ಅವನೇ ತೆಗೆಯುವುದು ನಿಯಮ, ಹಾಗಾಗಿ ಮುಂಡಪ್ಪನೇ ತೆಗೆದಿರಬೇಕೆಂದು ಎಲ್ಲರ ಲೆಕ್ಕ. ಗುಣಪಾಲ ಬಾಗಿಲ ಬಳಿ ನಿಂತಿದ್ದ. ಹೇಳಿಬಿಡಬೇಕೆಂದು ಒಂದು ಹೆಜ್ಜೆ ಒಳಗಿಟ್ಟವನು ಆ ಫಾರ್ಮ್ ಕಂಡು ಅಲ್ಲೇ ನಿಂತ. ಆ ಒಂದು ಕ್ಷಣ ಸಾಕಾಯಿತು.

"ನಾನೇ ತೆಗೆದದ್ದು," ಎಂದ ಮುಂಡಪ್ಪ ಮಲಗಿದಲ್ಲಿಂದಲೇ. "ತೆಗೆದು ಹೂ ಹಾಕ್ಲಿಕ್ಕೆ ಹೋದೆ. ನನ್ನದೇ ತಪ್ಪು, ಬರ್ಕೊಳ್ಳಿ ಸಾಬ್."

ಮ್ಯಾನೇಜರ್ ಹೋದ ಮೇಲೆ ಗುಣಪಾಲ ಮಂಚದ ಹತ್ತಿರ ಬಂದ. ಮುಂಡಪ್ಪನೇ ಹೇಳಿದ, "ಸುಮ್ಮನಿರು. ನಿನ್ನನ್ನು ತೆಗೆದು ಹಾಕಿದ್ರೆ ಆ ಪೋರರ ಹತ್ರ ಬೀಗ ಹಾಕಿಸುವವರು ಯಾರು? ಇನ್ನೂ ನಾಲ್ಕು ಜನರ ಕೈ ಹೋಗ್ತದೆ. ನಂದು ಹೇಗೂ ಹೋಗಿ ಆಯ್ತು."

ಇಂಥ ದೊಡ್ಡ ಮಾತನ್ನು ಕೇಳಿಸಿಕೊಂಡು ಬದುಕುವುದು ಎಷ್ಟು ಕಷ್ಟ ಎಂದು ಆಡಿದವನಿಗೆ ಗೊತ್ತಿರುವುದಿಲ್ಲ. ಮೂರು ತಿಂಗಳ ಮೇಲೆ ಮುಂಡಪ್ಪ ಕೆಲಸಕ್ಕೆ ಮರಳಿದ. ಅವನನ್ನು ಸ್ಟೋರಿನಲ್ಲಿ ಕೂರಿಸಿದರು, ಬೋಲ್ಟು ನಟ್ಟು ಎಣಿಸಿ ಕೊಡುವ ಕೆಲಸ. ಅಷ್ಟರಲ್ಲಿ ಗುಣಪಾಲನಿಗೆ ಬಡ್ತಿ ಸಿಕ್ಕಿತ್ತು! ಹೌದು, ಬಡ್ತಿ. ಇಡೀ ಕಾರ್ಖಾನೆಗೆ ಹೊಸ ಕೆಂಪು ಬೀಗಗಳು ಬಂದವು, ಅವನ್ನು ನೋಡಿಕೊಳ್ಳಲು ಸೇಫ್ಟಿ ಇನ್‌ಚಾರ್ಜ್ ಎಂಬ ಹುದ್ದೆ ಬಂತು, ಅದಕ್ಕೆ ಕುಲೂಪ್ ಅಣ್ಣನಿಗಿಂತ ಯೋಗ್ಯರು ಯಾರಿದ್ದಾರೆ ಎಂದು ಶೇಠರೇ ಬೆನ್ನು ತಟ್ಟಿದರು. ಎದೆಯ ಮೇಲೆ ಆ ಹುದ್ದೆಯ ಬಿಲ್ಲೆ ಸಿಕ್ಕಿಸಿಕೊಂಡು ಸ್ಟೋರಿನ ಕಿಟಕಿಯ ಎದುರು ಹಾದುಹೋಗುವುದು ಅವನಿಂದ ಆಗುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಬೇರೆ ಮೇಜಿಗೆ ಹೋದ. ಭಾನುವಾರ ಕಲ್ಯಾಣಕ್ಕೆ ಹೋಗುವುದನ್ನಂತೂ ಆಸ್ಪತ್ರೆಯ ಆ ದಿನದಿಂದಲೇ ಬಿಟ್ಟಿದ್ದ. ಕೇಳಿದರೆ ರೈಲ್ವೆಯ ಮೆಗಾಬ್ಲಾಕ್, ಹಳಿ ದುರಸ್ತಿಗೆ ರೈಲು ಬಂದ್ ಎನ್ನುತ್ತಿದ್ದ. ಮಹಾರಾಯ, ಡೊಂಬಿವಲಿಯಿಂದ ಕಲ್ಯಾಣಕ್ಕೆ ಎರಡು ಸ್ಟೇಷನ್. ರಿಕ್ಷಾದಲ್ಲಿ ಕೂತರೂ ಅರ್ಧ ಗಂಟೆಯೊಳಗೆ ಮುಟ್ಟಬಹುದು.

ಫೆಬ್ರವರಿಯ ಕೊನೆಯ ಭಾನುವಾರ ಜಯಲತಾ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ನಾಲ್ಕು ತಿಂಗಳಿನಿಂದ ಒಂದು ವಾರವೂ ತಪ್ಪದೆ ಮೆಗಾಬ್ಲಾಕಾ? ವಾರಿಜಕ್ಕ ಫೋನಿನಲ್ಲಿ ಅಳ್ತಾರೆ. ಎಂತ ಆಗಿದೆ ನಿಮ್ಮಿಬ್ಬರಿಗೆ?"

ಟಿವಿ ಎದುರು ಕೂತಿದ್ದ ಮಗಳು ಪ್ರಣೀತಾ ತಲೆ ಎತ್ತದೆ, "ಪಪ್ಪಾ, ಬತಾ ದೋ ನಾ," ಎಂದಳು, ಹೇಳಿಬಿಡಿ ಎಂದು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ನಾಲಿಗೆ ಮಾತ್ರ ಹಿಂದಿಯದು.

ಅವನು ಹೇಳಿದ. ಕೀ ಕೊಟ್ಟದ್ದು, ಬಿಳಿ ಪಂಚೆ ಕಂಡದ್ದು, ಬೀಗ ತೆಗೆದದ್ದು, ಆಸ್ಪತ್ರೆಯಲ್ಲಿ ಬಾಯಿ ಕಟ್ಟಿದ್ದು. ಹೇಳಿ ಮುಗಿಯುವಾಗ ಮಗಳು ಟಿವಿಯ ಸದ್ದು ನಿಲ್ಲಿಸಿದ್ದಳು.

"ಇದು ಮುಂಡಪ್ಪಣ್ಣನಿಗೆ ಗೊತ್ತಿಲ್ವಾ?" ಎಂದು ಜಯಲತಾ ಕೇಳಿದಳು.

"ಗೊತ್ತಿಲ್ಲದೆ? ಕೀ ಕೊಟ್ಟದ್ದೇ ಅವನು."

"ಮತ್ತೆ ಅವರ ಹತ್ರ ಹೇಳಿ ಎಂತ ಆಗ್ಲಿಕ್ಕುಂಟು? ಗೊತ್ತಿಲ್ಲದವರ ಹತ್ರ ಹೇಳಿ."

ಅವಳು ಸೌಟು ತೆಗೆದುಕೊಂಡು ಒಳಗೆ ಹೋದಳು.

ಮಾರ್ಚ್ ನಾಲ್ಕನೇ ತಾರೀಕು ಸುರಕ್ಷತಾ ದಿನ. ಹೊಸದಾಗಿ ಸೇರಿದ ಇಪ್ಪತ್ತು ಮಂದಿಯನ್ನೂ ಹಳಬರನ್ನೂ ಕೂರಿಸಿ ಪಾಠ ಮಾಡುವ ಹೊಣೆ ಸಹಜವಾಗಿಯೇ ಗುಣಪಾಲನಿಗೆ ಬಂತು. ಹಿಂದಿನ ದಿನ ರಮಾಕಾಂತ ಅವನನ್ನು ಕರೆದು ಒಂದು ಸಲಹೆ ಕೊಟ್ಟರು. ಮುಂಡಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿಕೋ, ಅವನ ಕೈ ತೋರಿಸು, ಅವಸರಪಟ್ಟು ತಾನೇ ಬೀಗ ತೆಗೆದರೆ ಏನಾಗುತ್ತದೆ ಎಂದು ಎಲ್ಲರೂ ಕಣ್ಣಾರೆ ನೋಡಲಿ. ಮುಂಡಪ್ಪನನ್ನು ಆಗಲೇ ಕೇಳಿಯೂ ಆಗಿತ್ತು. "ತೋರಿಸಿದ್ರೆ ಎಂತ ಕೈ ಸವೆದು ಹೋಗ್ತದಾ?" ಎಂದು ಅವನು ಒಪ್ಪಿಕೊಂಡಿದ್ದ.

ಹಾಗೆ ಇಬ್ಬರೂ ನಾಲ್ಕು ತಿಂಗಳ ಮೇಲೆ ಮೊದಲ ಸಲ ಅಕ್ಕಪಕ್ಕ ನಿಂತರು. ಗುಣಪಾಲ ತನ್ನ ಮುಂಬೈ ಹಿಂದಿಯಲ್ಲಿ ಪಾಠ ಶುರು ಮಾಡಿದ. ಸ್ವಿಚ್, ಬೀಗ, ಬಟನ್ ಒತ್ತಿ ನೋಡುವುದು, ಗಾಲಿ ನಿಲ್ಲುವ ತನಕ ಕಾಯುವುದು, ಊರುಗೋಲು. ನಾಲಿಗೆ ತಾನಾಗಿ ಆಡುತ್ತಿತ್ತು. ರಮಾಕಾಂತ ಸನ್ನೆ ಮಾಡಿದರು. ಮುಂಡಪ್ಪ ಕೈಯನ್ನು ಮೇಲೆತ್ತಿ ಹಿಡಿದ. ಹೆಬ್ಬೆರಳು, ಕಿರುಬೆರಳು, ನಡುವೆ ಖಾಲಿ. ಮುಂದಿನ ಸಾಲಿನ ಒಬ್ಬ ಮುಖ ತಿರುಗಿಸಿದ. ಮುಂಡಪ್ಪ ತಲೆ ತಗ್ಗಿಸಿ, ತಪ್ಪು ಮಾಡಿ ಸಿಕ್ಕಿಬಿದ್ದವನ ಮುಖ ಮಾಡಿಕೊಂಡು ನಿಂತಿದ್ದ. ಆ ಮುಖವನ್ನು ಗುಣಪಾಲನ ಪರವಾಗಿ ಅವನು ಹೊತ್ತುಕೊಂಡಿದ್ದ. ಅದನ್ನು ನೋಡಲು ಗುಣಪಾಲನಿಗೆ ಆಗಲಿಲ್ಲ.

ಅವನು ಆ ಎತ್ತಿದ ಕೈಯನ್ನು ಹಿಡಿದು ಮೆಲ್ಲನೆ ಕೆಳಗಿಳಿಸಿದ.

"ಇಸ್‌ನೆ ಕುಲೂಪ್ ನಹೀ ಖೋಲಾ," ಎಂದ. "ಮೈನೇ ಖೋಲಾ."

ಮುಂಡಪ್ಪ ತುಳುವಿನಲ್ಲಿ ಏನೋ ಗದರಿದ, ಬಾಯಿ ಮುಚ್ಚು ಎಂದು. ಗುಣಪಾಲ ನಿಲ್ಲಿಸಲಿಲ್ಲ. ಬೀಗ ತೆಗೆದದ್ದು ನಾನು, ಅವನು ಹಿಂದೆ ಇದ್ದ, ನಾನು ಸುತ್ತು ಹಾಕಿ ನೋಡಲಿಲ್ಲ, ಗುಂಪಿನಲ್ಲಿ ಯಾರೋ ಹೋ ಅಂದರು, ನಾನು ನಂಬಿದೆ. ಕಾಗದದಲ್ಲಿ ಬರೆದದ್ದು ಸುಳ್ಳು, ಅವನು ನನಗೋಸ್ಕರ ಹೇಳಿದ್ದು, ನಾನು ಹೆದರಿ ಸುಮ್ಮನಿದ್ದದ್ದು. ಇನ್ನು ಯಾರೂ ಇನ್ನೊಬ್ಬರ ಕೀಯನ್ನು ಮುಟ್ಟಬೇಡಿ. ಒಡಹುಟ್ಟಿದವನೇ ಕೊಟ್ಟರೂ ತಗೊಳ್ಳಬೇಡಿ. ಪಂಚೆಗೆ ಕಿಸೆ ಇಲ್ಲದಿದ್ದರೆ ಕೀಯನ್ನು ಕೊರಳಿಗೆ ಕಟ್ಟಿಕೊಳ್ಳಿ. ಬೀಗದ ಯಜಮಾನ ಕಣ್ಣೆದುರು ಬಂದು ನಿಲ್ಲುವ ತನಕ ಶೇಠರ ಮುಹೂರ್ತವೂ ಕಾಯಬೇಕು, ದೇವರೂ ಕಾಯಬೇಕು. ಇಷ್ಟು ಹೇಳಿ, ಎದೆಯ ಬಿಲ್ಲೆ ಬಿಚ್ಚಿ ರಮಾಕಾಂತರ ಮೇಜಿನ ಮೇಲಿಟ್ಟ.

ಕೆಲಸ ಹೋಗಲಿಲ್ಲ. ಮೆಮೊ ಬಂತು, ಹುದ್ದೆ ಹೋಯಿತು, ಹಳೆಯ ಫಿಟ್ಟರ್ ಕೆಲಸ ಉಳಿಯಿತು. ಮುಂದಿನ ವರ್ಷ ಆಯುಧಪೂಜೆಗೆ ಶೇಠ್ ಹನ್ನೊಂದು ನಿಮಿಷ ಕೈಕಟ್ಟಿ ಕಾದು, ಸ್ವಿಚ್ಚಿಗೆ ಬೀಗ ಹಾಕಿದ್ದ ಐದೂ ಜನ ಬಂದು ತಮ್ಮ ತಮ್ಮ ಬೀಗ ತೆಗೆದ ಮೇಲೆ ಬಟನ್ ಒತ್ತಿದರಂತೆ. ಅದೆಲ್ಲ ಆಮೇಲಿನ ಮಾತು. ಆ ದಿನ ಮಧ್ಯಾಹ್ನ ಮಾತ್ರ ಗುಣಪಾಲ ಕ್ಯಾಂಟೀನಿನ ಮೂಲೆಯಲ್ಲಿ ಒಬ್ಬನೇ ಕೂತಿದ್ದ. ಹತ್ತಿರ ಬರಲು ಯಾರಿಗೂ ಧೈರ್ಯ ಇರಲಿಲ್ಲ. ಮುಂಡಪ್ಪ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಎದುರಿಗೆ ಕೂತ. ಮುಖ ಕೆಂಪಾಗಿತ್ತು.

"ಅಷ್ಟು ಜನರ ಎದುರು ಹೇಳು ಅಂತ ನಿಂಗೆ ಯಾರು ಹೇಳಿದ್ದು?"

"ಯಾರೂ ಇಲ್ಲ."

"ಕೆಲಸ ಹೋದ್ರೆ?"

"ಹೋಗ್ಲಿ."

ಮುಂಡಪ್ಪ ಡಬ್ಬಿಯನ್ನು ಕಂಕುಳಿನಿಂದ ತೆಗೆದು ಮೇಜಿನ ಮೇಲಿಟ್ಟ. ಮತ್ತೆ ಮಾತಾಡಿದಾಗ ಸಿಟ್ಟು ಇಳಿದಿತ್ತು.

"ಬೆರಳು ಹೋದದ್ದಕ್ಕೆ ನಾನು ಒಂದು ದಿನವೂ ಅತ್ತವನಲ್ಲ. ವಾರಿಜನ ಹತ್ರ ಕೇಳು ಬೇಕಾದ್ರೆ. ನೀನು ಬರುವುದು ನಿಲ್ಲಿಸಿದೆಯಲ್ಲ, ಅದು ನನ್ನಿಂದ ತಡೀಲಿಕ್ಕೆ ಆಗ್ಲಿಲ್ಲ. ಅವಳು ಪ್ರತಿ ಭಾನುವಾರ ನಿಂಗೂ ಸೇರಿಸಿ ಅಕ್ಕಿ ಹಾಕುವುದು, ಸಂಜೆ ಅದನ್ನು ನಾವೇ ತಿನ್ನುವುದು. ನಾನು ನಿನ್ನ ಕೆಲಸ ಉಳಿಸಿದೆ ಅಂತ ಎಣಿಸಿದ್ದೆ. ನಿನ್ನನ್ನೇ ಕಳ್ಕೊಂಡೆ ಅಂತ ಆಮೇಲೆ ಗೊತ್ತಾಯ್ತು."

ಗುಣಪಾಲ ಅತ್ತ. ಐವತ್ತು ದಾಟಿದ ಗಂಡಸು, ಸುತ್ತ ಜನ ಊಟ ಮಾಡುತ್ತಿರುವಾಗ, ಮುಖ ಮುಚ್ಚಿಕೊಳ್ಳುವುದಕ್ಕೂ ತೋಚದೆ ಅತ್ತ. ಮುಂಡಪ್ಪ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ತನ್ನ ಸ್ಟೀಲಿನ ಡಬ್ಬಿಯನ್ನು ಮೇಜಿನ ಮೇಲೆ ಅವನ ಕಡೆಗೆ ತಳ್ಳಿದ.

"ಅಳುವುದು ಆಮೇಲೆ ಮಾಡು. ಇದರ ಮುಚ್ಚಳ ಬಿಗಿ ಉಂಟು, ನನ್ನ ಕೈಗೆ ಹಿಡಿತ ಸಿಗುವುದಿಲ್ಲ. ಇಷ್ಟು ದಿನ ಕ್ಯಾಂಟೀನಿನವನ ಹತ್ರ ಬೇಡ್ಕೊಳ್ತಿದ್ದೆ. ತೆಗಿ."

ಗುಣಪಾಲ ಅಂಗೈಯಲ್ಲಿ ಕಣ್ಣೊರೆಸಿಕೊಂಡ. ಮುಚ್ಚಳ ತೆಗೆದು, ಚಮಚವನ್ನು ಒಳಗಿಟ್ಟು, ಡಬ್ಬಿಯನ್ನು ಮುಂಡಪ್ಪನ ಎಡಗೈಗೆ ಸಿಗುವ ಹಾಗೆ ಸರಿಸಿದ.